ಚರಗದ ಬುಟ್ಟಿ ಮತ್ತು ಧರ್ಮಸಭೆಯ ಹಬ್ಬದೂಟ

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಇಂದು ಎರಡು ಸಂಸ್ಥೆಗಳ ಮೂಲಕ ನಾಡಿಗೆ ಪರಿಚಿತವಾಗಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಂತೆ ರೂಪುಗೊಂಡ ಉತ್ಸವ ರಾಕ್ ಗಾರ್ಡನ್ ಒಂದು. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಮತ್ತೊಂದು. ಮೊದಲನೆಯದರಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ದಿನಚರಿಯೂ ಕಸುಬುಗಳೂ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಎರಡನೆಯದರಲ್ಲಿ ಅದೇ ಬದುಕು ಅಧ್ಯಯನದ ವಿಷಯವಾಗಿದೆ. ಇವೆರಡರ ಸುತ್ತಲಿನ ಹೊಲಗಳಲ್ಲಿ ಸೀಗಿ ಹುಣ್ಣಿಮೆಯಂದು ನಡೆಯುವ ಚರಗವಂತೂ ಇನ್ನೂ ಶಿಲ್ಪವಾಗಿಲ್ಲ, ಪಠ್ಯವಾಗಿಯೂ ಮುಗಿದಿಲ್ಲ. ಅದು ಉಣ್ಣುವ ಹಬ್ಬ. ಆ ಊಟಕ್ಕೆ ಕ್ರೈಸ್ತ ಕುಟುಂಬವೊಂದನ್ನು ನೆರೆಯವರು ಕರೆದಾಗ ಹೋಗಬಹುದೇ, ಉಣ್ಣಬಹುದೇ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸೇವೆ ಸಲ್ಲಿಸುವ ಗುರುಗಳ ಮುಂದೆ ಬರುತ್ತದೆ. ಅದಕ್ಕೆ ಅವಸರದ ಉತ್ತರಗಳು ಬೇಕಾದಷ್ಟಿವೆ. ಧರ್ಮಸಭೆಯ ಇತಿಹಾಸದಲ್ಲಿ ಈ ಪ್ರಶ್ನೆ ಎಷ್ಟು ಹಳೆಯದೆಂಬುದನ್ನು ನೋಡಿದ ಮೇಲೆ ಉತ್ತರಿಸುವುದು ಲೇಸೆಂದು ನಾವು ಭಾವಿಸುತ್ತೇವೆ.

ಚರಗದ ಕ್ರಮವನ್ನು ಮೊದಲು ಹೇಳಬೇಕು. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆಗಟ್ಟುವ ಹಂತದಲ್ಲಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂಬುದು ಒಕ್ಕಲಿನವರ ಭಾವನೆ. ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನ ಎಲ್ಲವೂ ಬುಟ್ಟಿಗಳಲ್ಲಿ ಹೊಲಕ್ಕೆ ಹೋಗುತ್ತವೆ. ಹಿಂದೆ ಚಕ್ಕಡಿಯಲ್ಲಿ ಹೋಗುತ್ತಿದ್ದವು, ಈಗ ಬಹುಪಾಲು ಟ್ರ್ಯಾಕ್ಟರಿನಲ್ಲಿ. ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಬಳಿಕ ಒಬ್ಬರು ಕಲಸಿದ ಅನ್ನವನ್ನು ಹೊಲದ ಸುತ್ತ ಚೆಲ್ಲುತ್ತ ನಡೆದರೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂಬಾಲಿಸುತ್ತಾರೆ. ಚೆಲ್ಲುವ ಈ ಕ್ರಿಯೆಗೇ ಚರಗವೆಂದು ಹೆಸರು. ಹೊಲಕ್ಕೆ, ಹಕ್ಕಿಗೆ, ಹುಳಕ್ಕೆ ಪಾಲು ಸಂದ ಮೇಲೆಯೇ ಮನುಷ್ಯರ ಪಂಕ್ತಿ. ಬೀಗರು, ಗೆಳೆಯರು, ಹೊಲದಲ್ಲಿ ದುಡಿದವರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲರನ್ನೂ ಕೂಗಿ ಕರೆದು ಕೂಡಿಸುತ್ತಾರೆ. ಎಳ್ಳಮಾವಾಸ್ಯೆಯಂದು ಹಿಂಗಾರಿ ಹೊಲಗಳಲ್ಲಿ ಇದು ಮರುಕಳಿಸುತ್ತದೆ.

ಇಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ: ಐದು ಕಲ್ಲುಗಳ ಮುಂದಿನ ಪೂಜೆ, ಅನಂತರದ ಪಂಕ್ತಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟರಿಂದ ಹತ್ತನೆಯ ಅಧ್ಯಾಯಗಳಲ್ಲಿ ಇಂಥದೇ ಹೆಣಿಗೆಯನ್ನು ಬಿಡಿಸಿ ನೋಡುತ್ತಾರೆ. ವಿಗ್ರಹದ ಮುಂದಿನ ಆರಾಧನಾ ಭೋಜನದಲ್ಲಿ ಪಾಲ್ಗೊಳ್ಳುವುದನ್ನು ಅವರು ಒಪ್ಪುವುದಿಲ್ಲ. ಆದರೆ ಸಂತೆಯಲ್ಲಿ ಮಾರುವ ಮಾಂಸವನ್ನು ವಿಚಾರಣೆಯಿಲ್ಲದೆ ತಿನ್ನಬಹುದು. ವಿಶ್ವಾಸಿಯಲ್ಲದವನು ಮನೆಗೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಬಹುದು. ಇದು ಅರ್ಪಿತವಾದದ್ದೆಂದು ಯಾರಾದರೂ ಎತ್ತಿ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ, ಬಿಡಬೇಕು. ಪೌಲರ ದೃಷ್ಟಿ ತಟ್ಟೆಯ ಮೇಲಿಲ್ಲ, ಪಕ್ಕದಲ್ಲಿ ಕುಳಿತವನ ಮೇಲಿದೆ. ನೆರೆಮನೆಯಿಂದ ಬಂದ ಹೋಳಿಗೆಯನ್ನು ದನಕ್ಕೆ ಹಾಕುವ ಭಕ್ತಿಯನ್ನು ಈ ಅಧ್ಯಾಯಗಳಿಂದ ಸಮರ್ಥಿಸುವುದು ಕಷ್ಟ.

ಮುಂದಿನ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲರು ಇನ್ನೂ ಕಠಿಣವಾಗಿ ಮಾತನಾಡುತ್ತಾರೆ. ಅಲ್ಲಿ ಆಕ್ಷೇಪಕ್ಕೆ ಗುರಿಯಾದದ್ದು ಅನ್ಯರ ಹಬ್ಬವಲ್ಲ, ಪ್ರಭುವಿನ ಭೋಜನ. ಉಳ್ಳವರು ಮೊದಲು ಬಂದು ಉಂಡು ಕುಡಿದು ಮತ್ತರಾಗಿದ್ದಾರೆ. ದುಡಿದು ತಡವಾಗಿ ಬಂದವರು ಹಸಿದಿದ್ದಾರೆ. ಹೀಗಿರುವಾಗ ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎನ್ನುವಷ್ಟು ದೂರ ಅವರು ಹೋಗುತ್ತಾರೆ.

ಗೊಟಗೋಡಿಯಿರುವ ತಾಲ್ಲೂಕಿನಲ್ಲೇ, ಬಾಡ ಗ್ರಾಮದಲ್ಲಿ, ಹುಟ್ಟಿದ ಕನಕದಾಸರು ಇದೇ ಗಾಯಕ್ಕೆ ಬೇರೆ ದಾರಿಯಿಂದ ಕೈಯಿಟ್ಟರು. ಅವರ 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಯೂ ರಾಗಿಯೂ ತಮ್ಮಲ್ಲಿ ಯಾರು ಹಿರಿಯರೆಂದು ಜಗಳವಾಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕಂಗೆಡುತ್ತದೆ, ರಾಗಿ ಉಳಿಯುತ್ತದೆ. ಉಣ್ಣುವ ಧಾನ್ಯದಿಂದ ಉಣ್ಣುವವನ ಕುಲವನ್ನು ಅಳೆಯುವ ಸಮಾಜಕ್ಕೆ ಕೊಟ್ಟ ಉತ್ತರವದು. ಇಂದು ಜೋಳದ ರೊಟ್ಟಿ ನಗರಗಳ ಆಹಾರ ಮೇಳಗಳಲ್ಲಿ ಗೌರವದ ತಿನಿಸಾಗಿದೆ. ಅದನ್ನು ಬಡಿದ ಕೈಗೆ ಅಷ್ಟೇ ಗೌರವ ಸಂದಿದೆಯೇ ಎಂಬ ಪ್ರಶ್ನೆ ಮಾತ್ರ ಮೇಳದ ಲೆಕ್ಕಕ್ಕೆ ಬರುವುದಿಲ್ಲ.

ಪೌಲರ ಕಾಲದ ಪ್ರೀತಿಭೋಜನ ಮುಂದೆ ಬಹುಕಾಲ ಬಾಳಲಿಲ್ಲ. ನಾಲ್ಕನೆಯ ಶತಮಾನದ ಲವೊದಿಕೀಯ ಸಭೆ ದೇವಾಲಯದೊಳಗೆ ಇಂಥ ಊಟವನ್ನು ನಿಷೇಧಿಸಿತು. ಆಫ್ರಿಕಾದಲ್ಲಿ ಈ ಬದಲಾವಣೆ ಹೇಗೆ ನಡೆಯಿತೆಂಬುದಕ್ಕೆ ಸಂತ ಅಗಸ್ಟೀನರ ಬರಹಗಳೇ ಸಾಕ್ಷಿ. ಅವರ ತಾಯಿ ಸಂತ ಮೋನಿಕ ತಮ್ಮ ನಾಡಿನ ವಾಡಿಕೆಯಂತೆ ಗಂಜಿ, ರೊಟ್ಟಿ, ದ್ರಾಕ್ಷಾರಸ ತುಂಬಿದ ಬುಟ್ಟಿ ಹೊತ್ತು ಮಿಲಾನಿನ ರಕ್ತಸಾಕ್ಷಿಗಳ ಸಮಾಧಿಗಳಿಗೆ ಹೋದಾಗ ಬಾಗಿಲು ಕಾಯುವವನು ತಡೆದನು. ಧರ್ಮಾಧ್ಯಕ್ಷ ಆಂಬ್ರೋಸರು ಈ ಪದ್ಧತಿಯನ್ನು ನಿಲ್ಲಿಸಿದ್ದರು. ಆಕೆ ವಾದಿಸದೆ ಒಪ್ಪಿಕೊಂಡು, ಬುಟ್ಟಿಯಲ್ಲಿರುವುದನ್ನು ಬಡವರಿಗೆ ಕೊಡುವುದನ್ನು ಕಲಿತರೆಂದು 'ನಿವೇದನೆಗಳು' ಗ್ರಂಥದ ಆರನೆಯ ಭಾಗದಲ್ಲಿ ಮಗ ಬರೆಯುತ್ತಾರೆ. ಚರಗದ ಬುಟ್ಟಿಯನ್ನು ಕಂಡವರಿಗೆ ಮೋನಿಕಳ ಬುಟ್ಟಿ ಅಪರಿಚಿತವೆನಿಸುವುದಿಲ್ಲ.

395ರಲ್ಲಿ, ಇನ್ನೂ ಸಾಮಾನ್ಯ ಗುರುವಾಗಿದ್ದ ಅಗಸ್ಟೀನರು ಹಿಪ್ಪೊ ನಗರದಲ್ಲಿ ಸಂತ ಲಿಯೊಂತಿಯುಸರ ಹಬ್ಬದ ಕುಡಿತವನ್ನು ನಿಲ್ಲಿಸಲು ಹೊರಟಾಗ ಜನ ಗೊಣಗಿದರು. ಜನ ಆ ಹಬ್ಬಕ್ಕೆ ಇಟ್ಟಿದ್ದ ಹೆಸರೇ 'ಸಂತೋಷ'. ಇಷ್ಟು ದಿನ ಇಲ್ಲದ ನಿಷೇಧ ಈಗೇಕೆ ಎಂಬ ಪ್ರಶ್ನೆಗೆ ಅಗಸ್ಟೀನರು ಕೊಟ್ಟ ಸಮಾಧಾನ ಸ್ವಾರಸ್ಯಕರ: ಹಿಂಸೆಯ ಕಾಲ ಮುಗಿದು ಅನ್ಯಧರ್ಮೀಯರು ಗುಂಪುಗುಂಪಾಗಿ ಬಂದಾಗ, ತಮ್ಮ ಹಳೆಯ ಹಬ್ಬದೂಟಗಳನ್ನು ಬಿಡಲಾರದೆ ಅವರು ಹಿಂಜರಿದರು, ಅವರ ದುರ್ಬಲತೆಗಾಗಿ ಪೂರ್ವಿಕರು ಸ್ವಲ್ಪ ಕಾಲ ಅದನ್ನು ಸಹಿಸಿದರು. ಹಾಗೆ ಸಹಿಸಿದ್ದನ್ನು ನಿಲ್ಲಿಸುವ ಕಾಲ ಬಂದಿದೆ ಎಂಬುದು ಅವರ ನಿಲುವು. ಸರಿಯಾಗಿ ಇನ್ನೂರಾರು ವರ್ಷಗಳ ಬಳಿಕ, 601ರಲ್ಲಿ, ಜಗದ್ಗುರು ಮಹಾ ಗ್ರೆಗೊರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿತುಸರಿಗೆ ಬರೆದ ಪತ್ರದಲ್ಲಿ ಆ ಸಹನೆಯನ್ನೇ ಕ್ರಮವಾಗಿ ವಿಧಿಸುತ್ತಾರೆ. ವಿಗ್ರಹಗಳು ಹೋಗಲಿ, ಗುಡಿಗಳು ಉಳಿಯಲಿ. ದೇವಾಲಯದ ಪ್ರತಿಷ್ಠೆಯ ದಿನ ಜನರು ಸುತ್ತ ಕೊಂಬೆಗಳ ಚಪ್ಪರ ಹಾಕಿ, ತಾವು ಬಲಿಕೊಡುತ್ತಿದ್ದ ದನಗಳನ್ನು ದೇವರ ಸ್ತುತಿಗಾಗಿ ಅಡಿಗೆ ಮಾಡಿ ಉಣ್ಣಲಿ. ಎತ್ತರ ಏರುವವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ, ಜಿಗಿಯುವುದಿಲ್ಲ. ಕೆಲವೇ ವಾರಗಳ ಹಿಂದೆ ರಾಜ ಎಥೆಲ್ಬರ್ಟನಿಗೆ ಗುಡಿಗಳನ್ನು ಕೆಡವಲು ಬರೆದಿದ್ದವರೂ ಇದೇ ಗ್ರೆಗೊರಿಯವರು. ಮರುಚಿಂತನೆಗೆ ಅವರು ನಾಚಲಿಲ್ಲ.

ಅಗಸ್ಟೀನರನ್ನೂ ಗ್ರೆಗೊರಿಯವರನ್ನೂ ಪರಸ್ಪರ ಎದುರಾಳಿಗಳಂತೆ ನಿಲ್ಲಿಸುವುದು ನಮ್ಮ ತರಗತಿಗಳಲ್ಲಿ ಸಾಮಾನ್ಯ. ನಮಗೆ ಅದು ಪೂರ್ಣ ಸರಿಯೆನಿಸುವುದಿಲ್ಲ. ಕಾರ್ಥೇಜಿನ ಧರ್ಮಾಧ್ಯಕ್ಷ ಔರೇಲಿಯುಸರಿಗೆ ಕೆಲ ವರ್ಷಗಳ ಮುಂಚೆ ಬರೆದ ಪತ್ರದಲ್ಲಿ ಅಗಸ್ಟೀನರು, ಸತ್ತವರ ನೆನಪಿನ ಕಾಣಿಕೆಯ ಆಹಾರ ಆಡಂಬರದ್ದಾಗಿರಬಾರದು, ಬೇಡಿದವರಿಗೆಲ್ಲ ಜಂಬವಿಲ್ಲದೆ ಸಂತೋಷದಿಂದ ಕೊಡಬೇಕು, ಮಾರಬಾರದು ಎನ್ನುತ್ತಾರೆ. ಅವರು ಕಳೆಯಬಯಸಿದ್ದು ಅಮಲನ್ನು, ಪಾಲನ್ನಲ್ಲ. ಆದರೆ ಇತಿಹಾಸದಲ್ಲಿ ಆದದ್ದೇನೆಂದರೆ, ದೇವಾಲಯದಿಂದ ಊಟ ಹೊರಗೆ ಹೋದಾಗ ಅದರ ಬೆನ್ನಿಗೆ ಬಡವನ ಪಂಕ್ತಿಯೂ ಹೋಯಿತು. ಉಳಿದದ್ದು ದಾನದ ಪೆಟ್ಟಿಗೆ. ಐದನೆಯ ಶತಮಾನದಲ್ಲಿ ಮಹಾ ಲಿಯೊ ಅವರು ಡಿಸೆಂಬರದ ಉಪವಾಸದ ಪ್ರಸಂಗಗಳಲ್ಲಿ, ಬೆಳೆಯೆಲ್ಲ ಕಣಜ ಸೇರಿದ ಮೇಲೆ ಉಪವಾಸ ಮಾಡಿ ಉಳಿಸಿದ್ದನ್ನು ಇಲ್ಲದವರಿಗೆ ಕೊಡಿರೆಂದು ಮತ್ತೆ ಮತ್ತೆ ಹೇಳಬೇಕಾಯಿತು. ಚರಗದಲ್ಲಿ ಆ ಪಾಲಿಗೆ ಪ್ರಸಂಗ ಬೇಕಿಲ್ಲ. ಅದು ಹಬ್ಬದ ಕ್ರಮದಲ್ಲೇ ಸೇರಿದೆ.

ಇನ್ನು ದ್ರಾಕ್ಷಾರಸದ ಮಾತು. ಗೋದಿಯ ರೊಟ್ಟಿ ಮತ್ತು ದ್ರಾಕ್ಷಿಯ ಸಹಜ ರಸ ಇವಿಲ್ಲದೆ ಬಲಿಪೂಜೆಯಿಲ್ಲವೆಂದು 1983ರ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ಗಲಿಲೇಯದ ಹಳ್ಳಿಯಲ್ಲಿ ಅದು ಮದುವೆಮನೆಯ ನಿತ್ಯದ ಪಾನೀಯ. ಕಾನಾ ಊರಿನಲ್ಲಿ ಮುಗಿದದ್ದು ವಿಲಾಸವಲ್ಲ, ಅತಿಥಿಗೆ ಸಲ್ಲಬೇಕಾದ ಮರ್ಯಾದೆ. ನಮ್ಮ ಸೀಮೆಯಲ್ಲಿ ಆ ಸ್ಥಾನ ಮಜ್ಜಿಗೆಯದು. ಇಲ್ಲಿ ಮದ್ಯವೆಂದರೆ ನೆನಪಾಗುವುದು ಸಾರಾಯಿ, ಅದು ಕೆಡಿಸಿದ ಮನೆಗಳು. ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂದಿತು, ವೈನ್ ಮಂಡಳಿಯೂ ಹುಟ್ಟಿತು. ಬೆಂಗಳೂರಿನಲ್ಲಿ ವೈನ್ ಉತ್ಸವಗಳು ನಡೆಯತೊಡಗಿದವು. ವಿಜಯಪುರದ, ನಂದಿ ಬೆಟ್ಟದ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಇದರಿಂದ ಮಾರುಕಟ್ಟೆ ದೊರೆಯಲೆಂಬ ಉದ್ದೇಶ ಒಳ್ಳೆಯದೇ. ದ್ರಾಕ್ಷಾರಸ ಹಿತಮಿತವಾಗಿದ್ದರೆ ಹೃದಯಕ್ಕೆ ಆನಂದವೆಂಬ ಸಿರಾಖನ ಗ್ರಂಥದ ವಿವೇಕವನ್ನು ನಾವೂ ಒಪ್ಪುತ್ತೇವೆ. ಆದರೂ ಕೂಲಿಯವನ ಕುಡಿತ ದುಶ್ಚಟವೆಂದು, ಉಳ್ಳವರ ಕುಡಿತ ಸಂಸ್ಕೃತಿಯೆಂದು ಒಂದೇ ವರ್ಷದ ಎರಡು ಆದೇಶಗಳಿಂದ ಓದಿಕೊಳ್ಳಲು ಸಾಧ್ಯವಾಗುವುದು ಕೊರಿಂಥದ ಪಂಕ್ತಿಯನ್ನು ನೆನಪಿಸುತ್ತದೆ.

ಬೆಳೆಯ ಹಬ್ಬವನ್ನು ಧರ್ಮಸಭೆ ತನ್ನದಾಗಿಸಿಕೊಂಡ ನಿದರ್ಶನ ನಮ್ಮ ನಾಡಿನಲ್ಲೇ ಇದೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನನದ ಹಬ್ಬದಲ್ಲಿ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು, ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮೀನು ಮಾಂಸವಿಲ್ಲದ ಊಟವನ್ನು ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ದೂರದೂರುಗಳಲ್ಲಿರುವ ಮಕ್ಕಳಿಗೆ ತೆನೆಯ ಕಾಳನ್ನು ಅಂಚೆಯಲ್ಲಿ ಕಳುಹಿಸುವ ಮನೆಗಳೂ ಇವೆ. ಬಯಲುಸೀಮೆಯಲ್ಲಿ ಜೋಳದ ತೆನೆಗೆ ಇಂಥ ನೆಲೆ ಇನ್ನೂ ದೊರೆತಿಲ್ಲ. ಕರಾವಳಿಯ ಹಬ್ಬವನ್ನೇ ಅದರ ತಿಥಿ ಸಹಿತ ಇಲ್ಲಿಗೆ ತಂದಿಡುವುದೂ ಸರಿಯಾಗಲಾರದು. ಸೆಪ್ಟೆಂಬರ್ 8ಕ್ಕೆ ಇಲ್ಲಿನ ಹಿಂಗಾರಿ ಜೋಳ ಬಿತ್ತನೆಯನ್ನೂ ಕಂಡಿರುವುದಿಲ್ಲ.

1984ರ ಆಶೀರ್ವಾದಗಳ ವಿಧಿಗ್ರಂಥದಲ್ಲಿ ಹೊಲಗಳಿಗೂ ಪ್ರಥಮಫಲಗಳಿಗೂ ಆಶೀರ್ವಾದದ ಕ್ರಮಗಳಿವೆ. ಅದನ್ನು ಹಿಡಿದು ಗುರುಗಳು ತಮ್ಮ ಜನರ ಹೊಲಕ್ಕೆ ಹೋಗಬಹುದು. ಐದು ಕಲ್ಲುಗಳಿಲ್ಲದ ಆ ಪಂಕ್ತಿಗೆ ನೆರೆಯವರನ್ನು ಕರೆಯಬಹುದು. ಕರೆಸಿಕೊಂಡು ಉಂಡವರು ಕರೆಯುವುದೂ ಮರ್ಯಾದೆಯೇ. ಮೂರನೆಯ ಶತಮಾನದ್ದೆಂದು ಪರಿಗಣಿತವಾದ 'ಪ್ರೇಷಿತ ಪರಂಪರೆ' ಎಂಬ ಗ್ರಂಥ ಆಶೀರ್ವಾದಕ್ಕೆ ತರಬಹುದಾದ ಫಲಗಳ ಪಟ್ಟಿಯನ್ನೇ ಕೊಟ್ಟು, ದ್ರಾಕ್ಷಿ, ಅಂಜೂರ, ದಾಳಿಂಬೆಗಳನ್ನು ಒಳಗೆ ಕರೆದು, ಸೌತೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಹೊರಗೆ ನಿಲ್ಲಿಸಿತ್ತು. ಈಗಿನ ವಿಧಿಗ್ರಂಥದಲ್ಲಿ ಅಂಥ ನಿಷೇಧವಿಲ್ಲ. ಜೋಳ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬುಟ್ಟಿಯಲ್ಲಿ ಉಳಿದ ಈರುಳ್ಳಿ ಎಲ್ಲವೂ ಬರಬಹುದು.