ಒಬ್ಬ ಪೂರ್ವಕ್ಕೆ, ಇನ್ನೊಬ್ಬ ಉತ್ತರಕ್ಕೆ

‘ಒಬ್ಬ 3 ಕಿ.ಮೀ. ಉತ್ತರಕ್ಕೆ ನಡೆದು, ಬಲಕ್ಕೆ ತಿರುಗಿ 4 ಕಿ.ಮೀ. ನಡೆದ. ಹೊರಟ ಜಾಗದಿಂದ ಎಷ್ಟು ದೂರದಲ್ಲಿದ್ದಾನೆ?’

ಬ್ಯಾಂಕ್ ಪರೀಕ್ಷೆ ಬರೆದವರಿಗೆ, ಕ್ಯಾಂಪಸ್ ಇಂಟರ್‌ವ್ಯೂಗೆ ಕೂತವರಿಗೆ ಇದು ಗೊತ್ತೇ ಇರುತ್ತದೆ. ಉತ್ತರ 5. ಇದರ ಮುತ್ತಜ್ಜನಂಥ ಲೆಕ್ಕವೊಂದು ನಮ್ಮ ನೃಪತುಂಗನ ಕಾಲದ್ದಿದೆ ನೋಡಿ.

ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಪುಸ್ತಕದ ಶುರುವಿನಲ್ಲೇ ಮಾನ್ಯಖೇಟದ (ಇಂದಿನ ಮಳಖೇಡ) ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಅದರ ಕ್ಷೇತ್ರಗಣಿತದ ಅಧ್ಯಾಯದಲ್ಲಿ ಬರುವ ಲೆಕ್ಕದ ಸಾರ ಇಷ್ಟು:

ಇಬ್ಬರು ಒಂದೇ ಜಾಗದಿಂದ ಒಟ್ಟಿಗೆ ಹೊರಡುತ್ತಾರೆ. ಒಬ್ಬ ದಿನಕ್ಕೆ 2 ಯೋಜನದಂತೆ ಪೂರ್ವಕ್ಕೆ, ಇನ್ನೊಬ್ಬ ದಿನಕ್ಕೆ 3 ಯೋಜನದಂತೆ ಉತ್ತರಕ್ಕೆ. ಉತ್ತರದವನು 5 ದಿನ ನಡೆದ ಮೇಲೆ ಓರೆಯಾಗಿ ತಿರುಗಿ ಮೊದಲನೆಯವನನ್ನು ಸೇರಲು ಹೊರಡುತ್ತಾನೆ. ಅವರು ಸೇರುವುದು ಎಷ್ಟನೇ ದಿನ?

ಇದಕ್ಕೊಂದು ಸೂತ್ರವಿದೆ. ಉತ್ತರದವನ ವೇಗದ ವರ್ಗ 9, ಅದರ ಎರಡರಷ್ಟು 18, ಅದನ್ನು 5 ದಿನದಿಂದ ಗುಣಿಸಿದರೆ 90. ಇಬ್ಬರ ವೇಗಗಳ ವರ್ಗಗಳ ವ್ಯತ್ಯಾಸ 9 - 4 = 5. ಭಾಗಿಸಿದರೆ 18 ದಿನ. ಮುಗೀತು!

ಆದರೆ ಯಾಕೆ ಹೀಗೆ? ಚಿತ್ರ ಬರೆದು ನೋಡಿ. ಉತ್ತರದ ಗೆರೆ 15 ಯೋಜನ. ಸೇರುವ ದಿನ ‘ದ’ ಎಂದಿಟ್ಟುಕೊಂಡರೆ ಪೂರ್ವದ ಗೆರೆ 2ದ, ಓರೆ ಗೆರೆ 3(ದ - 5), ಅಂದರೆ 3ದ - 15. ಓರೆ ಗೆರೆಯ ವರ್ಗ ಉಳಿದೆರಡರ ವರ್ಗಗಳ ಮೊತ್ತಕ್ಕೆ ಸಮ. ಬಿಡಿಸಿದರೆ ಎರಡೂ ಕಡೆ 225 ಬಂದು ಹೊಡೆದುಹೋಗುತ್ತದೆ, 5ದ = 90 ಉಳಿಯುತ್ತದೆ. ಗೆರೆಗಳು 15, 36, 39. ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ? :)

ಈಗ ಇಬ್ಬರ ವೇಗವೂ 3 ಅಂತಿಟ್ಟುಕೊಳ್ಳಿ. ಸೂತ್ರ ಬಾಯಿಪಾಠ ಮಾಡಿದವನು ಸೊನ್ನೆಯಿಂದ ಭಾಗಿಸಲು ಹೋಗಿ ಸಿಕ್ಕಿಬೀಳುತ್ತಾನೆ. ಚಿತ್ರ ಬರೆದವನಿಗೆ ಕಾರಣ ಕಣ್ಣಿಗೇ ಕಾಣುತ್ತದೆ. ಓರೆ ಗೆರೆ ಯಾವಾಗಲೂ ಪೂರ್ವದ ಗೆರೆಗಿಂತ ಉದ್ದ, ಅದನ್ನು ನಡೆಯಲು ಇರುವ ದಿನಗಳೋ 5 ಕಡಿಮೆ. ಇನ್ನೆಲ್ಲಿ ಸೇರುತ್ತಾರೆ?

ಈ ಪುಸ್ತಕವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು 2000ದಲ್ಲಿ. ನೃಪತುಂಗನ ನಾಡಿನ ಲೆಕ್ಕ ಕನ್ನಡದಲ್ಲೂ ಇದೆ. ಶಾರ್ಟ್‌ಕಟ್ ಪುಸ್ತಕ ಹಿಡಿದು ಕೂತ ತಮ್ಮ ತಂಗಿಯರು ಮನೆಯಲ್ಲಿದ್ದರೆ, ಮೊದಲು ಒಂದು ಹಾಳೆ ಕೊಟ್ಟು ಈ ಇಬ್ಬರ ದಾರಿ ಬರೆಯಲು ಹೇಳಿ. ಏನಂತೀರಾ?