ಜೋಜಿ ಲಾ: ಹಿಮದ ಹಾದಿ ತೆರೆದವರು

ಪುಷ್ಯ ಮಾಸದಲ್ಲಿ ಉಷ್ಣಮಾನ ಹದಿನಾರು ಡಿಗ್ರಿಗೆ ಇಳಿಯಿತೆಂದರೆ ನಮ್ಮ ದಾದರಿನ ಮನೆಗಳಲ್ಲಿ ಟ್ರಂಕಿನ ತಳದ ಸ್ವೆಟರುಗಳು ಹೊರಬರುತ್ತವೆ. ಕಡಲತೀರದ ನಮಗೆ ಚಳಿಯೆಂದರೆ ಅಷ್ಟೇ. ಆದರೆ ನಮ್ಮ ಮಕ್ಕಳು ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಮುಗಿಸಿ, ಈಗ ಚಳಿಗಾಲದಲ್ಲೇ ಹಿಮಾಲಯಕ್ಕೆ ಹೊರಡತೊಡಗಿದ್ದಾರೆ. ಹೊರಡುವ ಮುನ್ನ ಅವರು 1948ರ ಒಂದು ಪ್ರಸಂಗವನ್ನು ಕೇಳಿಕೊಂಡು ಹೋಗಲೆಂದು ನಮ್ಮ ಆಸೆ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದಲ್ಲಿರುವ ಕಣಿವೆಮಾರ್ಗವೇ ಜೋಜಿ ಲಾ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಲತೀರದಲ್ಲಿ ದಕ್ಕುವುದರ ಮೂರರಲ್ಲಿ ಎರಡು ಪಾಲು ಮಾತ್ರ. ರಾತ್ರಿಯ ಶೈತ್ಯಕ್ಕೆ ಗಟ್ಟಿಯಾದ ಹಿಮ ನಸುಕಿನಲ್ಲಿ ಹೆಜ್ಜೆಯನ್ನು ತಾಳುತ್ತದೆ. ಬಿಸಿಲೇರಿದಂತೆ ಸಡಿಲಗೊಂಡು ಕಾಲು ಹೂತುಹೋಗುತ್ತದೆ, ಕೆಲವೊಮ್ಮೆ ಇಳಿಜಾರಿನ ಹಿಮರಾಶಿಯೇ ಕುಸಿದು ಬರುತ್ತದೆ. ಆದುದರಿಂದಲೇ ಬಲ್ಲವರು ಇಂಥ ಕಡೆಗಳನ್ನು ಬಿಸಿಲಿಗೆ ಮೊದಲು ದಾಟುತ್ತಾರೆ. ಲಾಹೂಲಿನ ಮೇಜರ್ ಪೃಥೀಚಂದ್ ಕೆಲವೇ ಸ್ವಯಂಸೇವಕ ಯೋಧರೊಡನೆ ನಡುಚಳಿಗಾಲದಲ್ಲಿ ಈ ಹಾದಿಯನ್ನು ದಾಟಿ, 1948ರ ಮಾರ್ಚ್ 8ರಂದು ಲೇಹ್ ತಲುಪಿದರು. ಅವರಿಗೆ ಹಿಮ ಹುಟ್ಟಿನಿಂದ ಪರಿಚಿತ.

ಆ ಬೇಸಿಗೆಯಲ್ಲಿ ಜೋಜಿ ಲಾ ಶತ್ರುಗಳ ಕೈಸೇರಿ, ಲೇಹ್‌ನ ಭೂಮಾರ್ಗ ಕಡಿದುಹೋಯಿತು. ಸೆಪ್ಟೆಂಬರಿನಲ್ಲಿ ನಮ್ಮ ಸೈನ್ಯ ನಡೆಸಿದ ದಾಳಿ ವಿಫಲವಾಯಿತು. ಹಿಮ ಬಿದ್ದು ದಾರಿ ಮುಚ್ಚುವ ದಿನ ಹತ್ತಿರವಾಗುತ್ತಿತ್ತು. ಆಗ ಅಲ್ಲಿಯ ಡಿವಿಜನ್ನಿನ ಹೊಣೆ ಹೊತ್ತಿದ್ದವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಏರಿಸುವುದೆಂದು ನಿರ್ಧಾರವಾಯಿತು. ಏಳನೆಯ ಕ್ಯಾವಲ್ರಿಯ ಹಗುರ ಸ್ಟುವರ್ಟ್ ಟ್ಯಾಂಕುಗಳನ್ನು ಮೇಲ್ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಲಾಯಿತು.

ಆದರೆ ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಕಡಿದು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನಲ್ಲೇ ಕೇಂದ್ರವಿರುವ ದಳದವರು. ದಕ್ಷಿಣದ ಬಿಸಿಲಿನಲ್ಲಿ ಬೆಳೆದ ಆ ಕೈಗಳು ಶತ್ರುವಿನ ಗುಂಡಿನೆದುರು, ಕೊರೆಯುವ ಗಾಳಿಯಲ್ಲಿ ಬಂಡೆ ಒಡೆದವು. ಹಿಮಪಾತದಿಂದಾಗಿ ದಾಳಿ ಮುಂದೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಜೋಜಿ ಲಾ ಹೊಕ್ಕವು. ಅವನ್ನು ಅಲ್ಲಿ ನಿರೀಕ್ಷಿಸಿರದ ಶತ್ರುಗಳು ಕಾಲ್ಕಿತ್ತರು. ನವೆಂಬರ್ ಮುಗಿಯುವುದರೊಳಗೆ ಕಾರ್ಗಿಲ್ ಮರಳಿ ನಮ್ಮದಾಯಿತು. ಆದರೆ ಹಿಮಕ್ಕೆ ತಕ್ಕ ಉಡುಪು ಸಾಲದೆ ನಡೆದ ಕಾಲಾಳುಗಳಲ್ಲಿ ಅನೇಕರಿಗೆ ಹಿಮಹುಣ್ಣಾಯಿತು. ಗೆಲುವಿನ ಕಥೆ ಹೇಳುವಾಗ ನಾವು ಇದನ್ನು ಬಿಟ್ಟುಬಿಡುತ್ತೇವೆ.

ತಿಮ್ಮಯ್ಯನವರು ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಾದಿ ಕಡಿದವರ ಹೆಸರುಗಳನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಊರಿಗೆ ಹೋದಾಗ ಮಕ್ಕಳಿಗೆ ಆ ಮನೆಯನ್ನು ತೋರಿಸೋಣ. ಜೊತೆಗೆ ಆ ಸ್ಯಾಪರುಗಳನ್ನೂ ನೆನೆಯೋಣ. ಹಿಮದ ಮುಂದೆ ಧೈರ್ಯವೊಂದೇ ಸಾಲದು, ಸಿದ್ಧತೆಯೂ ಬೇಕೆಂಬುದನ್ನು ಬೆನ್ನಚೀಲ ಕಟ್ಟುವ ಮಕ್ಕಳು ಅವರಿಂದ ಕಲಿಯಲಿ.