ಕೇರಿಗೆ ಬಂದ ಸೇವೆ: ಒಡಂಬಡಿಕೆಯಲ್ಲಿ ನಮ್ಮ ಸಹಿ ಎಲ್ಲಿ?



ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆಯ ಕಾಲೇಜು, ವಿಶ್ವವಿದ್ಯಾಲಯಗಳ ಪೇಜು ನೋಡ್ತಾ ಇದ್ರೆ ಆಗಾಗ ಒಂದೇ ಥರದ ಫೋಟೋ ಬರುತ್ತೆ. ಉದ್ದನೆಯ ಮೇಜು, ಹೂಗುಚ್ಛ, ಇಬ್ಬರು ಫೈಲು ಅದಲುಬದಲು ಮಾಡ್ಕೊಂಡು ಕ್ಯಾಮೆರಾ ಕಡೆ ನಗೋದು. ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಎನ್‌ಜಿಓ ಅಥವಾ ಕಂಪನಿಯ ಸಿಎಸ್‌ಆರ್ ವಿಭಾಗ. ವಿದ್ಯಾರ್ಥಿಗಳಿಂದ 'ಸಮುದಾಯ ಸೇವೆ' ಮಾಡಿಸುವ ಒಡಂಬಡಿಕೆ. ಈ ಸಮುದಾಯ ಅಂದ್ರೆ ಯಾರು? ಬಹುಪಾಲು ನಮ್ಮ ಕೇರಿ, ನಮ್ಮ ಕೊಳೆಗೇರಿ. ಆ ಮೇಜಿನ ಹತ್ತಿರ ಮಾತ್ರ ನಮ್ಮವರು ಯಾರೂ ಇರಲ್ಲ.

ಇದು ಈಗ ಶುರುವಾದ ರೋಗ ಅಲ್ಲ. 1932ಕ್ಕೆ ಹೋಗಬೇಕು.

ಆ ವರ್ಷ ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಅದರ ಬೆನ್ನಲ್ಲೇ ಅಸ್ಪೃಶ್ಯತಾ ವಿರೋಧಿ ಸಂಘ ಹುಟ್ಟಿತು, ಮುಂದೆ ಅದೇ ಹರಿಜನ ಸೇವಕ ಸಂಘ ಆಯ್ತು. ಬಾಬಾಸಾಹೇಬರೂ ಮೊದಲು ಅದರ ಮಂಡಳಿಯಲ್ಲಿದ್ದರು. ನವೆಂಬರಿನಲ್ಲಿ ದುಂಡುಮೇಜಿನ ಸಭೆಗೆ ಹಡಗಿನಲ್ಲಿ ಹೋಗ್ತಾ ಸಂಘದ ಕಾರ್ಯದರ್ಶಿ ಎ.ವಿ. ಠಕ್ಕರ್ ಅವರಿಗೆ ಉದ್ದನೆಯ ಪತ್ರ ಬರೆದರು. ಅದರ ತಾತ್ಪರ್ಯ ಇಷ್ಟು: ಒಬ್ಬೊಬ್ಬ ಅಸ್ಪೃಶ್ಯನನ್ನು ತಿದ್ದಿ ಒಳ್ಳೆಯವನನ್ನಾಗಿ ಮಾಡೋದು ಕೆಲಸ ಅಲ್ಲ, ಅವನ ಸುತ್ತಲಿನ ಕಟ್ಟುಪಾಡು ಒಡೆಯೋದು ಕೆಲಸ. ಬಾವಿ, ಶಾಲೆ, ಚಾವಡಿಗಳಲ್ಲಿ ಹಕ್ಕು ಸಿಗಬೇಕು. ಜೊತೆಗೆ, ಈ ಕೆಲಸಕ್ಕೆ ಆದಷ್ಟೂ ಅಸ್ಪೃಶ್ಯರನ್ನೇ ತಗೊಳ್ಳಿ, ಯಾಕಂದ್ರೆ ಅವರಿಗೆ ಇದು ಸಂಬಳದ ಕೆಲಸ ಅಲ್ಲ, ಒಲವಿನ ಕೆಲಸ.

ಪತ್ರಕ್ಕೆ ಉತ್ತರವೇ ಬರಲಿಲ್ಲ. ಬಾಬಾಸಾಹೇಬರು ಸಂಘದಿಂದ ದೂರವಾದರು. ಆಮೇಲೆ ನಮ್ಮವರ ನಿಯೋಗವೊಂದು ಮಂಡಳಿಯಲ್ಲಿ ಜಾಗ ಕೇಳಿದಾಗ ಗಾಂಧೀಜಿ ಕೊಟ್ಟ ಕಾರಣ: ಇದು ಸವರ್ಣ ಹಿಂದೂಗಳು ಮಾಡಿಕೊಳ್ಳುವ ಪ್ರಾಯಶ್ಚಿತ್ತ, ಆದ್ದರಿಂದ ನಡೆಸೋರೂ ಅವರೇ. ಪ್ರಾಯಶ್ಚಿತ್ತ ಅವರದ್ದು ಇರಬಹುದು ಸ್ವಾಮಿ, ಬಾವಿ ನಮ್ಮದಲ್ವಾ?

ಈಗ 1969. ಗಾಂಧಿ ಶತಮಾನೋತ್ಸವದ ವರ್ಷ. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದಿದ್ದ ವಿ.ಕೆ.ಆರ್.ವಿ. ರಾವ್ ಕೇಂದ್ರದ ಶಿಕ್ಷಣ ಮಂತ್ರಿ. ಅವರು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದ್ರೆ ಎನ್‌ಎಸ್‌ಎಸ್ ಶುರು ಮಾಡಿದರು. ತಾರೀಖು ಸೆಪ್ಟೆಂಬರ್ 24! ಬೇಕಂತಲೇ ಆರಿಸಿದ್ದು ಅಂತ ನಾನು ಹೇಳಲ್ಲ. ಆದರೂ ನೆನಪಿಟ್ಟುಕೊಳ್ಳಿ.

ಎನ್‌ಎಸ್‌ಎಸ್ ಕೆಟ್ಟದ್ದು ಅನ್ನೋದು ನನ್ನ ವಾದ ಅಲ್ಲ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಏಳು ದಿನದ ಶಿಬಿರ, ದತ್ತು ಗ್ರಾಮ ಇಲ್ಲವೇ ದತ್ತು ಕೊಳೆಗೇರಿ. ಮೇಲ್ಜಾತಿಯ ಎಷ್ಟೋ ಹುಡುಗರು ಜೀವಮಾನದಲ್ಲಿ ಮೊದಲ ಸಲ ಕೇರಿಯ ಮನೆಯ ನೀರು ಕುಡಿದದ್ದು ಇಂಥ ಶಿಬಿರದಲ್ಲೇ. ನನ್ನ ತಕರಾರು ಆ 'ದತ್ತು' ಅನ್ನೋ ಪದದ ಮೇಲೆ. ದತ್ತು ತಗೊಳ್ಳೋದು ಮಕ್ಕಳನ್ನ. ಮಗುವನ್ನ ಯಾರೂ ಅಭಿಪ್ರಾಯ ಕೇಳಲ್ಲ.

ನಾನು ಬಿ.ಎ. ಓದುವಾಗ ಸ್ವಯಂಸೇವಕನಾಗಿದ್ದೆ. ಬನಶಂಕರಿ ಆಚೆಯ ಒಂದು ಕೇರಿಗೆ ಪೊರಕೆ ಹಿಡಿದು ಹೋದ್ವಿ. ಅಲ್ಲಿನ ಅರ್ಧ ಮನೆಯವರು ಪೌರಕಾರ್ಮಿಕರು. ಬೆಳಗಿನ ಜಾವದಿಂದ ಊರೆಲ್ಲ ಗುಡಿಸಿ ಬಂದು ಕೂತಿದ್ದೋರ ಎದುರಿಗೆ ನಾವು ಸ್ವಚ್ಛತೆಯ ಭಾಷಣ ಮಾಡಿದ್ವಿ. ಒಬ್ಬ ಅಜ್ಜಿ ಅಂದ್ರು: "ಗುಡ್ಸೋದು ನಮ್ಗೆ ಗೊತ್ತೈತೆ ಕಣ್ರಪ್ಪ. ಮೋರಿ ನೀರು ಹೋಗಾಕೆ ದಾರಿ ಇಲ್ಲ. ಅದುನ್ನ ಯಾರ್ಗೆ ಹೇಳ್ಬೇಕೋ ಒಂದು ಅರ್ಜಿ ಬರ್ಕೊಡಿ." ಶಿಬಿರದ ಕಾರ್ಯಕ್ರಮ ಪಟ್ಟಿಯಲ್ಲಿ ಅರ್ಜಿ ಇರಲಿಲ್ಲ. 'ಜಾಗೃತಿ ಮೂಡಿಸಲಾಯಿತು' ಅಂತ ವರದಿ ಹೋಯ್ತು. ಇವತ್ತು ಆಫೀಸಲ್ಲಿ ದಿನಾ ಅರ್ಜಿಗಳ ಮಧ್ಯೆ ಕೂರೋ ನನಗೆ ಗೊತ್ತು, ಆ ಒಂದು ಹಾಳೆಗೆ ಎಷ್ಟು ಬೆಲೆ ಅಂತ.

ಇನ್ನೊಂದು ಇತಿಹಾಸ ಇದೆ. ಅದನ್ನ 'ಚಳವಳಿ' ಅಂತ ಹೆಸರಿಟ್ಟು ಬೇರೆ ಕಪಾಟಲ್ಲಿ ಇಡ್ತಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಮಾತು ಆಡಿದರು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಅವರು. ಅವರ ವಿರುದ್ಧ ಬೀದಿಗಿಳಿದೋರು ವಿದ್ಯಾರ್ಥಿಗಳು. ಅವರ ಪರ ನಿಂತು ಏಟು ತಿಂದೋರೂ ವಿದ್ಯಾರ್ಥಿಗಳೇ, ನಮ್ಮ ಹಾಸ್ಟೆಲ್ ಹುಡುಗರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯ್ತು. ಆ ಏಟಿನಿಂದ ಎದ್ದದ್ದು ದಲಿತ ಸಂಘರ್ಷ ಸಮಿತಿ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಬೆಂಗಳೂರಿನಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯ. ಮೇಷ್ಟ್ರುಗಳು, ಹಾಸ್ಟೆಲ್ ಹುಡುಗರು, ಗುಮಾಸ್ತರು ರಜೆ ದಿನ ಕೇರಿಗೆ ಹೋಗಿ ಹಾಡು ಕಲಿಸಿದರು, ಅರ್ಜಿ ಬರೆದರು, ಜಮೀನಿನ ದಾಖಲೆ ಹುಡುಕಿದರು. ಗಂಟೆ ಲೆಕ್ಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇದು ಸ್ವಯಂಸೇವೆ ಅಲ್ಲದೆ ಇನ್ನೇನು?

ನಮ್ಮ ಭಾಗದಲ್ಲೇ ಇನ್ನೊಂದು ದಾರಿ ತೋರಿಸಿದೋರು ಎಚ್. ನರಸಿಂಹಯ್ಯನವರು. ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದ ಎಚ್ಚೆನ್, ವಿದ್ಯಾರ್ಥಿಗಳನ್ನ ಏಳು ದಿನಕ್ಕೆ ಹಳ್ಳಿಗೆ ಕರ್ಕೊಂಡು ಹೋಗೋದಷ್ಟಕ್ಕೆ ನಿಲ್ಲಲಿಲ್ಲ. ಕಾಲೇಜನ್ನೇ ಗೌರಿಬಿದನೂರು, ಬಾಗೇಪಲ್ಲಿಗೆ ತಗೊಂಡು ಹೋದರು. ಶಿಬಿರ ಎತ್ತಿದ ಮೇಲೂ ಉಳಿಯೋ ಸೇವೆ ಅದು.

ಈಗ ಏನಾಗಿದೆ ಅಂದ್ರೆ ದುಡ್ಡು, ಅಂಕ ಎರಡೂ ಸೇರ್ಕೊಂಡಿವೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು. ಯುಜಿಸಿ ಸಮುದಾಯದ ಕೆಲಸಕ್ಕೆ ಕ್ರೆಡಿಟ್ ಕೊಡಿ ಅನ್ನುತ್ತೆ. ಕಂಪನಿಗೆ ವರದಿ ಬೇಕು, ವಿದ್ಯಾರ್ಥಿಗೆ ಕ್ರೆಡಿಟ್ ಬೇಕು, ವಿಶ್ವವಿದ್ಯಾಲಯಕ್ಕೆ ನ್ಯಾಕ್ ಅಂಕ ಬೇಕು. ಕೇರಿಗೆ ಏನು ಬೇಕು ಅಂತ ಕೇಳಿದ್ರೆ ಇಷ್ಟು ಹೇಳ್ತಾರೆ: ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿ ಮಗಳ ಸ್ಕಾಲರ್‌ಶಿಪ್ ನಿಂತಿದೆ, ಸರಿ ಮಾಡಿಸಿಕೊಡಿ. ಗುತ್ತಿಗೆದಾರ ಪಿಎಫ್ ಕಟ್ಟಿದ್ದಾನಾ ನೋಡಿ ಹೇಳಿ. ಹಕ್ಕುಪತ್ರದ ಫೈಲು ಯಾವ ಟೇಬಲ್ ಮೇಲಿದೆ? ಮೊಬೈಲ್ ಹಿಡಿದ ಡಿಗ್ರಿ ಹುಡುಗರಿಗೆ ಇದು ಒಂದು ಶನಿವಾರದ ಕೆಲಸ. ಗೋಡೆಗೆ ಬಣ್ಣ ಹೊಡೆಯೋದಕ್ಕಿಂತ ಸುಲಭ. ಫೋಟೋ ಮಾತ್ರ ಚೆನ್ನಾಗಿ ಬರಲ್ಲ.

ಕೊನೆಯದಾಗಿ ಕೆಲಸದ ಮಾತು. ಎನ್‌ಎಸ್‌ಎಸ್ ಕೈಪಿಡಿಯಲ್ಲೇ ಪ್ರತಿ ಕಾಲೇಜಿಗೂ ಒಂದು ಸಲಹಾ ಸಮಿತಿ ಹೇಳಿದೆ. ಅದರಲ್ಲಿ ದತ್ತು ಗ್ರಾಮ ಅಥವಾ ಕೊಳೆಗೇರಿಯ ಕಡೆಯಿಂದ ಒಬ್ಬ ಸದಸ್ಯ ಇರಬೇಕು. 1932ರಲ್ಲಿ ಕೇಳಿ ಸಿಗದ ಕುರ್ಚಿ ಇಲ್ಲಿ ಕಾಗದದ ಮೇಲಾದರೂ ಇದೆ. ನಿಮ್ಮ ಕೇರಿಗೆ ಬರುವ ಕಾಲೇಜಿನಲ್ಲಿ ಆ ಸದಸ್ಯ ಯಾರು, ಸಭೆ ಎಷ್ಟು ಸಲ ಸೇರಿದೆ, ನಡಾವಳಿಯ ಪ್ರತಿ ಕೊಡಿ: ಸರ್ಕಾರಿ, ಅನುದಾನಿತ ಕಾಲೇಜಾದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ 150 ಪದದೊಳಗೆ ಇರಲಿ. ನಮೂನೆ ಟೈಪ್ ಮಾಡಿ ಇಟ್ಟಿದ್ದೀನಿ, ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ. ಕಾಲೇಜಿನ ಹೆಸರು ಖಾಲಿ ಬಿಟ್ಟಿದ್ದೀನಿ, ನೀವೇ ತುಂಬಿಸಿಕೊಳ್ಳಿ.